ಹೊಗೆ ಹೂತರೆ ತೆರಿಗೆ ಮಾಫಿ!

ಅಮೆರಿಕದ ಆದಾಯ ತೆರಿಗೆ ಸಂಹಿತೆಯಲ್ಲಿ 45ಕ್ಯೂ ಎಂಬ ಸೆಕ್ಷನ್ ಇದೆ. ಅದರ ಸಾರ ಇಷ್ಟು: ಕಾರ್ಖಾನೆಯ ಚಿಮಣಿಯಿಂದ ಆಕಾಶಕ್ಕೆ ಹೊರಟ ಇಂಗಾಲದ ಡೈಆಕ್ಸೈಡನ್ನು ಹಿಡಿಯಿರಿ, ನೆಲದಾಳದ ಬಂಡೆಯೊಳಗೆ ಹೂಳಿರಿ, ಮತ್ತೆ ಮೇಲೆ ಬರದಂತೆ ಕಾಯಿರಿ, ಪ್ರತಿ ಟನ್ನಿಗೆ 85 ಡಾಲರು ತೆರಿಗೆ ಬಿಡುತ್ತೇವೆ. ಚಿಮಣಿಯೂ ಬೇಡ, ಬಯಲ ಗಾಳಿಯಿಂದಲೇ ಹೀರಿ ತೆಗೆದು ಹೂಳುತ್ತೀರಾ? ಹಾಗಾದರೆ 180 ಡಾಲರು! ತೆರಿಗೆ ಕಾನೂನು ಎಂದರೆ ಸಂಬಳ, ಅಂಗಡಿ, ಆಸ್ತಿ, ಬಡ್ಡಿ ಎಂದುಕೊಂಡಿದ್ದವರಿಗೆ ಇದು ಇನ್ನೊಂದು ಲೋಕ. ಇಲ್ಲಿ ತೆರಿಗೆ ಇಲಾಖೆ 50 ಕೋಟಿ ವರ್ಷ ಹಳೆಯ ಮರಳುಗಲ್ಲಿನ ಜತೆ ವ್ಯವಹಾರಕ್ಕೆ ಕೂತಿದೆ, ಅದಕ್ಕೆಂದೇ 8933 ಎಂಬ ನಮೂನೆಯನ್ನೂ ಅಚ್ಚು ಹಾಕಿಸಿದೆ!

ಈ ಸೆಕ್ಷನ್ ಹುಟ್ಟಿದ ಗಳಿಗೆಯೂ ಸೋಜಿಗದ್ದೇ. 2008ರ ಅಕ್ಟೋಬರ್ 3. ಬ್ಯಾಂಕುಗಳು ಒಂದರ ಹಿಂದೊಂದು ಕುಸಿಯುತ್ತಿದ್ದ ದಿನಗಳು. ಅವನ್ನು ಉಳಿಸಲು ಅವಸರವಸರವಾಗಿ ಸಹಿಯಾದ ದೊಡ್ಡ ಮಸೂದೆಯ ಒಡಲಲ್ಲೇ ಇದೂ ಸೇರಿಕೊಂಡು ಹೊರಬಂತು. ಆಗ ಟನ್ನಿಗೆ ಕೇವಲ 20 ಡಾಲರು, ದೇಶಕ್ಕೆಲ್ಲ ಸೇರಿ ಏಳೂವರೆ ಕೋಟಿ ಟನ್ನಿನ ಮಿತಿ. 2018ರಲ್ಲಿ ಮಿತಿ ತೆಗೆದು, ದರವನ್ನು ಹಂತಹಂತವಾಗಿ 50ಕ್ಕೆ ಏರಿಸುವ ತೀರ್ಮಾನವಾಯಿತು. 2022ರ ಆಗಸ್ಟ್‌ನಲ್ಲಿ 85. ಒಂದು ಘಟಕ ವರ್ಷಕ್ಕೆ ಹತ್ತು ಲಕ್ಷ ಟನ್ ಹೂತರೆ ವರ್ಷಕ್ಕೆ 8.5 ಕೋಟಿ ಡಾಲರು. ರಿಯಾಯಿತಿ ಸಿಗುವುದು 12 ವರ್ಷ. ಗುಣಿಸಿ ನೋಡಿ: 102 ಕೋಟಿ ಡಾಲರು!

ಇದು ಆದಾಯದಲ್ಲಿ ಕಳೆಯುವ ಕಡಿತವಲ್ಲ, ಕಟ್ಟಬೇಕಾದ ತೆರಿಗೆಯಲ್ಲೇ ನೇರವಾಗಿ ವಜಾ. ಕಟ್ಟಲು ಅಷ್ಟು ತೆರಿಗೆಯೇ ಇಲ್ಲದ ಕಂಪನಿ ಏನು ಮಾಡಬೇಕು? 2022ರ ಕಾನೂನು ಅದಕ್ಕೂ ದಾರಿ ಮಾಡಿತು: ಆ ಹಕ್ಕನ್ನು ತೆರಿಗೆ ಕಟ್ಟುವ ಇನ್ನೊಬ್ಬರಿಗೆ ನಗದಿಗೆ ಮಾರಬಹುದು. ಅಂದರೆ ನೆಲದಡಿ ಇಳಿದ ಅನಿಲ ಮೇಲೆ ಕಾಗದವಾಗಿ ಕೈಬದಲಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಷರತ್ತು ಬೇರೆ. ಘಟಕ ಕಟ್ಟುವ ಕೆಲಸಗಾರರಿಗೆ ಆ ಊರಿನ ನ್ಯಾಯವಾದ ಕೂಲಿ ಕೊಡಬೇಕು, ಕಲಿಯುವ ಹುಡುಗರನ್ನೂ ಕೆಲಸಕ್ಕೆ ತೆಗೆದುಕೊಳ್ಳಬೇಕು. ಇಲ್ಲವಾದರೆ 85 ಡಾಲರು ಒಂದೇ ಏಟಿಗೆ 17ಕ್ಕೆ ಇಳಿಯುತ್ತದೆ! ವಾತಾವರಣದ ಚಿಂತೆಯೂ ವೆಲ್ಡಿಂಗ್ ಮಾಡುವವನ ಕೂಲಿಯೂ ಒಂದೇ ಸೆಕ್ಷನ್ನಿನಲ್ಲಿ.

ಆದರೆ ಗಾಳಿಯನ್ನು ಹೂಳುವುದು ಎಂದರೇನು? ಮೇಲೆ ಬಾರದೆ ಇದ್ದೀತೇ?

ಇಲ್ಲಿಂದ ಭೂಮಿಯ ಬೆರಗು ಶುರು. ನೆಲದಿಂದ ಸುಮಾರು 800 ಮೀಟರ್ ಕೆಳಗೆ ಹೋದರೆ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ 74 ಪಟ್ಟು ದಾಟುತ್ತದೆ, ಶಾಖ 31 ಡಿಗ್ರಿ ಮೀರುತ್ತದೆ. ಆ ಗಡಿ ದಾಟಿದ ಇಂಗಾಲದ ಡೈಆಕ್ಸೈಡ್ ಅತ್ತ ಅನಿಲವೂ ಅಲ್ಲ, ಇತ್ತ ದ್ರವವೂ ಅಲ್ಲ. ದ್ರವದಷ್ಟು ದಟ್ಟ, ಅನಿಲದಷ್ಟು ಸಲೀಸಾಗಿ ಹರಿಯುವ ಮೂರನೆಯದೇ ಒಂದು ರೂಪ. ಮೇಲೆ ದೊಡ್ಡ ಕೋಣೆ ತುಂಬುತ್ತಿದ್ದ ಅನಿಲ ಕೆಳಗೆ ಒಂದು ಮೂಲೆಯಲ್ಲಿ ಮುದುಡಿ ಕೂರುತ್ತದೆ. ಮರಳುಗಲ್ಲಿನ ಕಣಕಣದ ನಡುವೆ ಉಪ್ಪುನೀರು ತುಂಬಿದ ಸಂದುಗಳಿವೆಯಲ್ಲ, ಅಲ್ಲಿ ಅದು ಸೇರಿಕೊಳ್ಳುತ್ತದೆ. ಮೇಲೆ ಬಿಗಿಯಾದ ಜೇಡಿಗಲ್ಲಿನ ಮುಚ್ಚಳ. ನ್ಯೂ ಮೆಕ್ಸಿಕೋದ ಬ್ರಾವೋ ಡೋಮ್ ಎಂಬಲ್ಲಿ ಭೂಮಿ ತಾನಾಗಿಯೇ ಈ ಅನಿಲವನ್ನು ಹತ್ತು ಲಕ್ಷ ವರ್ಷಕ್ಕೂ ಮಿಕ್ಕಿ ಹಿಡಿದಿಟ್ಟುಕೊಂಡಿದೆ!

ಮನುಷ್ಯ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ನಾರ್ವೆಯಲ್ಲಿ. ಅಲ್ಲಿ ಅವನನ್ನು ನೂಕಿದ್ದು ರಿಯಾಯಿತಿಯಲ್ಲ, ತೆರಿಗೆ. 1991ರಲ್ಲಿ ನಾರ್ವೆ ಸರ್ಕಾರ ಸಮುದ್ರದ ತೈಲ, ಅನಿಲ ಬಾವಿಗಳ ಹೊಗೆಯ ಮೇಲೆ ಇಂಗಾಲ ತೆರಿಗೆ ಹೇರಿತು. ಉತ್ತರ ಸಮುದ್ರದ ಸ್ಲೈಪ್ನರ್ ಅನಿಲ ನಿಕ್ಷೇಪದಲ್ಲಿ ಬರುತ್ತಿದ್ದ ಅನಿಲದಲ್ಲಿ ಸುಮಾರು 9 ಪರ್ಸೆಂಟ್ ಇಂಗಾಲದ ಡೈಆಕ್ಸೈಡ್. ಮಾರಲು ಅದು 2.5 ಪರ್ಸೆಂಟಿಗಿಂತ ಕಡಿಮೆ ಇರಬೇಕು. ಹೇಗೂ ಬೇರ್ಪಡಿಸಲೇಬೇಕು, ಬೇರ್ಪಡಿಸಿ ಗಾಳಿಗೆ ಬಿಟ್ಟರೆ ತೆರಿಗೆ. ಎಂಜಿನಿಯರುಗಳು ಲೆಕ್ಕ ಹಾಕಿದರು, ಸಮುದ್ರತಳದ ಕೆಳಗಿನ ಉಟ್ಸಿರಾ ಮರಳುಗಲ್ಲಿಗೆ ಅದನ್ನು ವಾಪಸ್ಸು ಒತ್ತುವುದೇ ಅಗ್ಗ! 1996ರಲ್ಲಿ ಶುರುವಾಯಿತು. ಎರಡು ದಶಕದಲ್ಲಿ ಒಂದೂವರೆ ಕೋಟಿ ಟನ್ನಿಗೂ ಹೆಚ್ಚು ಅಲ್ಲಿ ಇಳಿಯಿತು. ಅದು ಅಲ್ಲೇ ಇದೆಯೆಂದು ಹೇಗೆ ಗೊತ್ತು? ಹಡಗುಗಳು ಮೇಲಿಂದ ಶಬ್ದದ ಅಲೆಗಳನ್ನು ಕೆಳಗೆ ಕಳಿಸಿ, ಬಂಡೆಗೆ ತಾಗಿ ಮರಳುವ ಮಾರ್ದನಿಯನ್ನು ದಾಖಲಿಸಿಕೊಳ್ಳುತ್ತವೆ. ಕೆಲವು ವರ್ಷಗಳಿಗೊಮ್ಮೆ ತೆಗೆದ ಆ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ, ಹೂತ ಅನಿಲ ಒಂಬತ್ತು ತೆಳು ಪದರಗಳಲ್ಲಿ ಹರಡುತ್ತ ಹೋಗಿರುವುದು ಕಣ್ಣಿಗೇ ಕಾಣುತ್ತದೆ. ಸಮುದ್ರದಡಿಯ ಬಂಡೆಯೊಳಗಿನ ಅನಿಲದ ನಡಿಗೆ!

ಅಮೆರಿಕದ ಇಲಿನಾಯ್ ರಾಜ್ಯದ ಡೆಕೇಟರ್‌ನಲ್ಲಿ ಮೆಕ್ಕೆಜೋಳ ಹುಳಿಯಿಸಿ ಎಥನಾಲ್ ಮಾಡುವ ಕಾರ್ಖಾನೆಯಿದೆ. ಹುದುಗುವಾಗ ಏಳುವ ಅನಿಲ ಹೆಚ್ಚುಕಮ್ಮಿ ಶುದ್ಧ ಇಂಗಾಲದ ಡೈಆಕ್ಸೈಡ್, ಹಿಡಿಯಲು ಕಷ್ಟವಿಲ್ಲ. 2011ರಿಂದ 2014ರವರೆಗೆ ಹತ್ತು ಲಕ್ಷ ಟನ್ ಅಲ್ಲಿ ಎರಡು ಕಿಲೋಮೀಟರ್ ಆಳದ ಮೌಂಟ್ ಸೈಮನ್ ಮರಳುಗಲ್ಲಿಗೆ ಇಳಿಯಿತು. ಅಲ್ಲಿನ ಹೊಲಗಳ ಮೆಕ್ಕೆಜೋಳ ಆಕಾಶದಿಂದ ಎಳೆದುಕೊಂಡ ಇಂಗಾಲ ಮೀನೂ ಸರಿಯಾಗಿ ಹುಟ್ಟಿರದ ಕಾಲದ ಕಡಲತೀರದ ಮರಳಿಗೆ ಹೋಗಿ ಸೇರಿದೆ. ಆದರೆ ಆಮೇಲೂ ಪಂಪು ಮಾಡುತ್ತಿದ್ದ ಅದೇ ಡೆಕೇಟರ್‌ನಲ್ಲಿ 2024ರಲ್ಲಿ ನೆಲದಡಿಯ ದ್ರವ ಅನುಮತಿಯಿಲ್ಲದ ಪದರಕ್ಕೆ ಸರಿದದ್ದು ಬಯಲಾಗಿ, ಪಂಪು ಮಾಡುವುದನ್ನೇ ನಿಲ್ಲಿಸಬೇಕಾಯಿತು. ಬೆರಗಿನ ನಡುವೆಯೂ ಇದನ್ನು ಮರೆಯಬಾರದು. 85 ಡಾಲರು ಕೊಡುವುದು ಹೂತದ್ದಕ್ಕೆ ಮಾತ್ರವಲ್ಲ, ಹೂತದ್ದು ಅಲ್ಲೇ ಉಳಿಯುವುದಕ್ಕೆ.

ದುಡ್ಡು ಇದ್ದಲ್ಲಿ ಕಳ್ಳಗಣ್ಣೂ ಇರುತ್ತದೆ. ತೆರಿಗೆ ಇಲಾಖೆಯ ಮೇಲಿನ ತನಿಖಾಧಿಕಾರಿ 2020ರಲ್ಲಿ ಸೆನೆಟರೊಬ್ಬರಿಗೆ ಬರೆದ ಪತ್ರದಲ್ಲಿ ಎದೆ ಹಿಂಡುವ ಅಂಕಿಯಿದೆ: ಅಲ್ಲಿಯವರೆಗೆ ಪಡೆದ ಸುಮಾರು 100 ಕೋಟಿ ಡಾಲರು ರಿಯಾಯಿತಿಯಲ್ಲಿ 89 ಕೋಟಿಗೂ ಹೆಚ್ಚಿನ ಮೊತ್ತಕ್ಕೆ ಪರಿಸರ ಇಲಾಖೆ ಒಪ್ಪಿದ ನಿಗಾ ಯೋಜನೆಯೇ ಇರಲಿಲ್ಲ. ಇನ್ನೊಂದು ನೋವೂ ಇದೆ. ಹಿಡಿದ ಅನಿಲವನ್ನು ಹಳೆಯ ಎಣ್ಣೆಬಾವಿಗೆ ಒತ್ತಿ, ಉಳಿದ ಎಣ್ಣೆಯನ್ನು ಮೇಲೆ ನೂಕುವ ರೂಢಿ ಟೆಕ್ಸಾಸ್‌ನಲ್ಲಿ ಹಳೆಯದು. ಅದಕ್ಕೆ ದರ ಕಡಿಮೆ ಇತ್ತು, 60 ಡಾಲರು. 2025ರ ಜುಲೈನ ಕಾನೂನು ಅದನ್ನೂ 85ಕ್ಕೆ ಸರಿಗಟ್ಟಿತು. ಹೂಳುವುದಕ್ಕೂ, ಹೂತು ಎಣ್ಣೆ ಎತ್ತಿ ಮತ್ತೆ ಸುಡುವುದಕ್ಕೂ ಒಂದೇ ಬೆಲೆ. ಇದು ತಪ್ಪು ಎಂದೇ ನನ್ನ ನಂಬಿಕೆ.

ಈಗ ಐಸ್‌ಲೆಂಡಿಗೆ ಬನ್ನಿ. ನನ್ನ ಪಾಲಿಗೆ ಇಡೀ ಕತೆಯ ಮುಕುಟ ಇಲ್ಲಿದೆ. ಹೆಲ್ಲಿಸ್‌ಹೈದಿ ಎಂಬಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯುವ ಕೇಂದ್ರವಿದೆ. ಕಾರ್ಬ್‌ಫಿಕ್ಸ್ ಎಂಬ ಯೋಜನೆಯ ವಿಜ್ಞಾನಿಗಳು 2012ರಲ್ಲಿ ಅದರ ಅನಿಲವನ್ನು ನೀರಿನಲ್ಲಿ ಕರಗಿಸಿ, ಸೋಡಾದಂತೆ ಮಾಡಿ, ಅಗ್ನಿಪರ್ವತದ ಕಪ್ಪು ಬಸಾಲ್ಟ್ ಶಿಲೆಯೊಳಗೆ ಬಿಟ್ಟರು. ಆ ಹುಳಿನೀರು ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣವನ್ನು ಕರಗಿಸಿಕೊಂಡಿತು. ಅವು ಇಂಗಾಲದ ಜತೆ ಕೂಡಿ ಬಿಳಿಯ ಕಲ್ಲಾದವು. ನೂರಾರು, ಸಾವಿರಾರು ವರ್ಷ ಬೇಕಾದೀತು ಎಂದು ಲೆಕ್ಕ ಹಾಕಿದ್ದ ಕೆಲಸ! ಆದದ್ದು? ಎರಡು ವರ್ಷದೊಳಗೆ 95 ಪರ್ಸೆಂಟ್ ಅನಿಲ ಕಲ್ಲಾಗಿಬಿಟ್ಟಿತ್ತು. ಗಮನಿಸಲು ಕೊರೆದಿದ್ದ ಬಾವಿಯ ಪಂಪು ಕೆಟ್ಟು ಮೇಲೆತ್ತಿದಾಗ ಅದಕ್ಕೆ ಕ್ಯಾಲ್ಸೈಟ್ ಮೆತ್ತಿಕೊಂಡಿತ್ತು. ಆಕಾಶಕ್ಕೆ ಹೋಗಬೇಕಿದ್ದ ಅನಿಲ ಕಲ್ಲಾಗಿ ಪಂಪಿಗೇ ಅಂಟಿತ್ತು! 2016ರಲ್ಲಿ ಇದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಲ್ಲೂಲಾದಲ್ಲಿ 2013ರಲ್ಲಿ ಸುಮಾರು ಸಾವಿರ ಟನ್ ಅನಿಲವನ್ನು ನೀರಿನಲ್ಲಿ ಕರಗಿಸದೆಯೇ ಬಸಾಲ್ಟಿಗೆ ಇಳಿಸಿದರು. ಅಲ್ಲೂ ಎರಡು ವರ್ಷದ ಬಳಿಕ ಕೊರೆದು ತೆಗೆದ ಕಲ್ಲಿನಲ್ಲಿ ಹೊಸ ಖನಿಜದ ಗಂಟುಗಳು ಸಿಕ್ಕವು.

ಬಸಾಲ್ಟ್ ಎಂದೊಡನೆ ಕನ್ನಡಿಗನ ಕಿವಿ ನಿಮಿರಬೇಕು. ವಿಜಯಪುರದ ಗೋಳಗುಮ್ಮಟ ಎದ್ದಿರುವುದು ಅದೇ ಕಪ್ಪುಕಲ್ಲಿನಲ್ಲಿ. ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ದಖ್ಖನ್ ಲಾವಾ ಇಂದಿಗೂ ಐದು ಲಕ್ಷ ಚದರ ಕಿಲೋಮೀಟರ್‌ನಷ್ಟು ಹಾಸಿಕೊಂಡಿದೆ. ಬೆಳಗಾವಿ, ವಿಜಯಪುರ, ಬೀದರ್ ಅದರ ತೆಂಕಣ ಅಂಚು. ಕಲಬುರಗಿ ಜಿಲ್ಲೆಯನ್ನೇ ನೋಡಿ. ಪಡುವಣದ ಆಳಂದ, ಅಫಜಲಪುರದ ಕಡೆ ಕಪ್ಪು ಬಸಾಲ್ಟ್. ಮೂಡಣದ ಸೇಡಂ, ವಾಡಿಯ ಕಡೆ ಸುಣ್ಣದಕಲ್ಲು, ಅದರ ಬೆನ್ನಿಗೆ ಸಿಮೆಂಟ್ ಕಾರ್ಖಾನೆಗಳು. ಸಿಮೆಂಟಿನ ಸಂಕಟ ಗೊತ್ತಲ್ಲ? ಗೂಡಿಗೆ ಎಷ್ಟೇ ಶುದ್ಧ ಇಂಧನ ಹಾಕಿದರೂ, ಸುಣ್ಣದಕಲ್ಲು ಕಾದಾಗ ಆ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಹಿಡಿಯದೆ ಬೇರೆ ದಾರಿಯಿಲ್ಲ. ನಾರ್ವೆಯ ಬ್ರೆವಿಕ್‌ನ ಸಿಮೆಂಟ್ ಕಾರ್ಖಾನೆ ವರ್ಷಕ್ಕೆ ನಾಲ್ಕು ಲಕ್ಷ ಟನ್ ಹಿಡಿಯುವ ಘಟಕವನ್ನು 2025ರಲ್ಲಿ ತೆರೆದದ್ದು ಇದಕ್ಕೇ. ನಮ್ಮಲ್ಲಿ ಹೊರಬರುವ ಜಾಗವೂ ಹೂಳಬಹುದಾದ ಕಲ್ಲೂ ಒಂದೇ ಜಿಲ್ಲೆಯೊಳಗಿವೆ!

ತೊಡಕುಗಳಿವೆ. ನಮ್ಮ ಕಡೆ ಲಾವಾ ಪದರ ತೆಳು, ಪಶ್ಚಿಮ ಘಟ್ಟದ ಕಡೆಗೆ ದಪ್ಪ. ದಖ್ಖನ್ ಕಲ್ಲಿನ ಎಷ್ಟೋ ರಂಧ್ರಗಳಲ್ಲಿ ಜಿಯೋಲೈಟ್ ಎಂಬ ಖನಿಜ ಮೊದಲೇ ತುಂಬಿಕೊಂಡಿದೆ. ಐಸ್‌ಲೆಂಡಿನ ವಿಧಾನಕ್ಕೆ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ಬೇಸಿಗೆಯ ಕಲಬುರಗಿಯಲ್ಲಿ ಆ ಮಾತನ್ನು ಯಾರ ಮುಂದೆ ಆಡುವುದು?

ಭಾರತದಲ್ಲಿ 45ಕ್ಯೂನಂಥ ಟನ್ನಿನ ಲೆಕ್ಕದ ತೆರಿಗೆ ರಿಯಾಯಿತಿ ಇನ್ನೂ ಬಂದಿಲ್ಲ. ನೀತಿ ಆಯೋಗ 2022ರ ವರದಿಯಲ್ಲಿ ಮೊದಲು ಪ್ರೋತ್ಸಾಹಧನ, ಆಮೇಲೆ ಇಂಗಾಲ ತೆರಿಗೆ ಎಂಬ ಹಾದಿ ಸೂಚಿಸಿತು. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇಂಗಾಲ ಹಿಡಿದು ಬಳಸುವ ರಾಷ್ಟ್ರೀಯ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಟನ್ನಿಗೆ ಎಷ್ಟು ರೂಪಾಯಿ ಎಂಬ ಅಂಕಿ ಮುಂದೆಂದೋ ಬಜೆಟ್ಟಿನಲ್ಲಿ ಬರಲಿ. ಅದಕ್ಕೂ ಮುಂಚೆ ಆಳಂದದಿಂದ ಬೆಳಗಾವಿಯವರೆಗೆ ಈ ಕಪ್ಪುಕಲ್ಲು ಎಷ್ಟು ಮೀಟರ್ ಆಳಕ್ಕಿದೆ, ಅದರ ಸಂದುಗಳಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಬಾವಿ ಕೊರೆದು ನೋಡುವವರಿಗೆ ಮೊದಲ ರಿಯಾಯಿತಿ ಸಿಗಲಿ. ತಡಮಾಡಬೇಡಿ, ಕೊರೆಯಿರಿ!