ಮೂರು ತಿಂಗಳು ಮುಟ್ಟು ನಿಂತರೆ

ಹೈಸ್ಕೂಲು, ಪಿಯುಸಿ ಓದುವ ಹುಡುಗಿಯ ಮುಟ್ಟು ನಿಂತಾಗ ‘ಈ ವಯಸ್ಸಿನಲ್ಲಿ ಹಾಗೇ, ಮದುವೆಯಾದರೆ ಸರಿಹೋಗುತ್ತದೆ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಇದರಲ್ಲಿ ಅರ್ಧ ನಿಜವಿದೆ. ಮೈನೆರೆದ ಮೊದಲ ಒಂದೆರಡು ವರ್ಷ ಮಿದುಳು ಮತ್ತು ಅಂಡಾಶಯಗಳ ನಡುವಿನ ಹಾರ್ಮೋನುಗಳ ಹೊಂದಾಣಿಕೆ ಇನ್ನೂ ಕುದುರಿರುವುದಿಲ್ಲ. 21 ದಿನಕ್ಕೋ 45 ದಿನಕ್ಕೋ ಮುಟ್ಟಾಗುವುದು ಸಹಜ. ಆದರೆ ಆ ವರ್ಷಗಳಲ್ಲೂ ಎರಡು ಮುಟ್ಟುಗಳ ನಡುವೆ 90 ದಿನ ದಾಟುವುದು ಅಪರೂಪ. 15 ತುಂಬಿದರೂ ಮೈನೆರೆಯದಿದ್ದರೆ, 13 ತುಂಬಿದರೂ ಸ್ತನ ಬೆಳೆಯತೊಡಗದಿದ್ದರೆ ಅದಕ್ಕೂ ತಪಾಸಣೆ ಬೇಕು. ಹುಡುಗಿಯ ಮುಟ್ಟನ್ನು ನಾಡಿ, ರಕ್ತದೊತ್ತಡಗಳಂತೆಯೇ ಆರೋಗ್ಯದ ಗುರುತಾಗಿ ನೋಡಬೇಕೆಂದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಸ್ಥೆ 2015ರಲ್ಲಿ ಮತ್ತೊಮ್ಮೆ ಹೇಳಿದ್ದು ಇದಕ್ಕೇ.

‘ಪರೀಕ್ಷೆಯ ಸಮಯ, ಬರದಿದ್ದರೆ ಒಳ್ಳೆಯದೇ ಆಯಿತು’ ಎನ್ನುವವರೂ ಇದ್ದಾರೆ. ನನಗೆ ಹೆಚ್ಚು ಆತಂಕ ತರುವುದು ಈ ಮಾತು. ನೀಟ್, ಸಿಇಟಿ ಓದಿನ ಒತ್ತಡ, ಹಾಸ್ಟೆಲಿನಲ್ಲಿ ಬಿಟ್ಟ ಊಟ, ತೆಳ್ಳಗಾಗುವ ಹಟ, ತಿನ್ನುವುದಕ್ಕಿಂತ ಹೆಚ್ಚು ದುಡಿಸುವ ಕ್ರೀಡಾಭ್ಯಾಸ, ಇವುಗಳಲ್ಲಿ ಯಾವುದರಿಂದಲಾದರೂ ದೇಹಕ್ಕೆ ಶಕ್ತಿ ಸಾಲದಾದಾಗ ಮಿದುಳು ಅಂಡಾಶಯಕ್ಕೆ ಕಳಿಸುವ ಸೂಚನೆಯನ್ನು ತಗ್ಗಿಸುತ್ತದೆ. ಆಗ ಮುಟ್ಟಿನ ಜೊತೆಗೆ ಈಸ್ಟ್ರೋಜನ್ನೂ ಇಳಿಯುತ್ತದೆ. ಮೂಳೆಗೆ ಸುಣ್ಣದಂಶ ತುಂಬಿಸಿ ಗಟ್ಟಿ ಮಾಡುವ ಹಾರ್ಮೋನು ಅದು. ಜೀವಮಾನದ ಮೂಳೆಬಲದ ದೊಡ್ಡ ಪಾಲು ಕೂಡುವುದು ಹದಿಹರೆಯದಲ್ಲೇ. ಆಗ ಕಳೆದುಕೊಂಡದ್ದನ್ನು ಮುಂದೆ ಪೂರ್ತಿ ತುಂಬಿಕೊಳ್ಳಲಾಗದು.

ಮೆಡಿಕಲ್ ಶಾಪಿನ ಮಾತ್ರೆ ನುಂಗಿಸಿ ಮುಟ್ಟು ತರಿಸಬಹುದಲ್ಲ ಎನ್ನಬಹುದು. ಆ ಮಾತ್ರೆ ನಿಲ್ಲಿಸಿದಾಗ ಗರ್ಭಕೋಶದ ಒಳಪದರ ಕಳಚಿ ರಕ್ತ ಬರುತ್ತದೆ, ಅಷ್ಟೇ. ಥೈರಾಯ್ಡಿನ ದೋಷವಾಗಲಿ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದ್ದಾಗಲಿ, ಊಟದ ಕೊರತೆಯಾಗಲಿ ಇದ್ದಲ್ಲೇ ಇರುತ್ತದೆ. ಎಲ್ಲಕ್ಕೂ ಪಿಸಿಒಡಿ (ಅಂಡಾಶಯದ ಹಾರ್ಮೋನು ಏರುಪೇರು) ಎಂದು ಹೆಸರಿಡುವುದೂ ಸಲ್ಲದು. ಅದು ಸಾಮಾನ್ಯ ಕಾರಣ ಹೌದು, ಮುಖದ ಮೇಲೆ ಒರಟು ಕೂದಲು, ಹೆಚ್ಚು ಮೊಡವೆ ಕಂಡರೆ ಅನುಮಾನ ಬಲವಾಗುತ್ತದೆ. ಆದರೆ ಎಳೆಯ ಅಂಡಾಶಯದಲ್ಲಿ ಸಣ್ಣ ಕೋಶಗಳು ಹೆಚ್ಚಿರುವುದು ಸಹಜವಾದ್ದರಿಂದ, ಮೈನೆರೆದು 8 ವರ್ಷ ಆಗುವವರೆಗೆ ಸ್ಕ್ಯಾನ್ ನಂಬಿ ಪಿಸಿಒಡಿ ಎನ್ನಬಾರದೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿದೆ. ಒಮ್ಮೆಯೂ ಮುಟ್ಟಾಗದ ಹುಡುಗಿಗೆ ತಿಂಗಳಿಗೊಮ್ಮೆ ಕೆಳಹೊಟ್ಟೆ ನೋವು ಬಂದರೆ, ರಕ್ತ ಹೊರಬರುವ ದಾರಿಯೇ ಮುಚ್ಚಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು.

ಮದುವೆಯಾಗದ ಹುಡುಗಿಯನ್ನು ಸ್ತ್ರೀರೋಗ ತಜ್ಞರ ಬಳಿ ಕರೆದೊಯ್ದರೆ ಜನ ಏನೆಂದಾರು ಎಂಬ ಅಳುಕು ನಮ್ಮಲ್ಲಿ ದೊಡ್ಡದು. ಎತ್ತರ, ತೂಕ, ರಕ್ತಪರೀಕ್ಷೆ, ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್, ಸಾಮಾನ್ಯವಾಗಿ ಇಷ್ಟೇ ಸಾಕು. ಒಳಪರೀಕ್ಷೆಯ ಅಗತ್ಯ ಬಹಳ ಕಡಿಮೆ. ವೈದ್ಯರು ಗರ್ಭಪರೀಕ್ಷೆಯನ್ನೂ ಬರೆದಾರು. ಅದು ಎಲ್ಲರಿಗೂ ಮಾಡುವ ಕ್ರಮ, ಮಗಳ ಮೇಲಿನ ಆರೋಪವಲ್ಲ. ಮುಟ್ಟಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಮಗಳಿಗೆ ಕಲಿಸಿ. 90 ದಿನ ದಾಟಿದರೆ ಮದುವೆಗೆ ಕಾಯಬೇಡಿ, ಆ ಕ್ಯಾಲೆಂಡರನ್ನೇ ಹಿಡಿದು ವೈದ್ಯರಲ್ಲಿಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಇರುವುದೇ ಈ ವಯಸ್ಸಿನವರಿಗಾಗಿ.