ಉಡುಪಿ ಮಳೆಗೆ ಉಬ್ಬದ ಲ್ಯಾಮಿನೇಟ್ ನೆಲ

ಮಣಿಪಾಲದ ಫ್ಲ್ಯಾಟಿಗೆ ಮರದಂತೆ ಕಾಣುವ ನೆಲ ಬೇಕಾ? ಕ್ಲಿಕ್ ಲ್ಯಾಮಿನೇಟ್ ಹಲಗೆಗಳನ್ನು ಗೋಂದಿಲ್ಲದೆ, ಮೊಳೆಯಿಲ್ಲದೆ ನೀವೇ ಜೋಡಿಸಬಹುದು. ಆದರೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಈ ಹಲಗೆಯ ಒಳಗಿರುವುದು ಒತ್ತಿ ಗಟ್ಟಿಮಾಡಿದ ಮರದ ನಾರು. ನೀರು ಕುಡಿದರೆ ಉಬ್ಬುತ್ತದೆ.

ಹಾಗಾಗಿ ಮೊದಲು ತೇವದ ಪರೀಕ್ಷೆ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, 24 ಗಂಟೆ ಬಿಡಿ. ಅಡಿಯಲ್ಲಿ ಹನಿ ಕಂಡರೆ ಕೆಲಸ ಮುಂದೂಡಿ. ಕಾರ್ಕಳದ ಹಳೆಯ ರೆಡ್ ಆಕ್ಸೈಡ್ ನೆಲವಿರಲಿ, ಕಾಪುವಿನ ಕಡಲಂಚಿನ ಮನೆಯಿರಲಿ, ಇದನ್ನು ಬಿಡಬೇಡಿ.

ಹಲಗೆಯ ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿಡಿ. ನೆಲಕ್ಕೆ ಮೊದಲು ಪಾಲಿಥಿನ್, ಅದರ ಮೇಲೆ ಫೋಮ್ ಹಾಳೆ.

ಈಗ ಜೋಡಣೆ. ಗೋಡೆಯ ಸುತ್ತ 10 ಮಿಲಿಮೀಟರ್ ಜಾಗ ಬಿಡಿ. ಮಳೆಗಾಲದಲ್ಲಿ ನೆಲ ಹಿಗ್ಗಲು ಅದು ಬೇಕು. ಹಲಗೆಯನ್ನು ಓರೆಯಾಗಿ ಹಿಡಿದು, ಅಂಚಿನ ನಾಲಿಗೆಯನ್ನು ಪಕ್ಕದ ಹಲಗೆಯ ಸೀಳಿಗೆ ಸೇರಿಸಿ, ಕೆಳಗೆ ಒತ್ತಿ. ಕ್ಲಿಕ್! ಎರಡನೇ ಸಾಲನ್ನು ತುಂಡು ಹಲಗೆಯಿಂದ ಶುರುಮಾಡಿ. ಅಕ್ಕಪಕ್ಕದ ಸಾಲುಗಳ ಸಂದುಗಳು ಒಂದಡಿಯಾದರೂ ದೂರವಿರಲಿ. ಸುತ್ತಿಗೆಯಿಂದ ನೇರ ಹೊಡೆಯಬೇಡಿ, ನಡುವೆ ಮರದ ತುಂಡಿಡಿ.

ಕೊನೆಗೆ ಸ್ಕರ್ಟಿಂಗ್. ಅದನ್ನು ಗೋಡೆಗೆ ಕೂರಿಸಿ, ಹಲಗೆಗಲ್ಲ.

ಬಚ್ಚಲಿಗೆ ಈ ನೆಲ ಬೇಡವೇ ಬೇಡ. ಬಾಲ್ದಿಗಟ್ಟಲೆ ನೀರು ಸುರಿದು ತೊಳೆಯುವ ಅಭ್ಯಾಸಕ್ಕೂ ಇನ್ನು ದೊಡ್ಡ ನಮಸ್ಕಾರ. ಚೆನ್ನಾಗಿ ಹಿಂಡಿದ ಬಟ್ಟೆ ಸಾಕು!