ದಿನ ವಿಶೇಷದಿಂದ ಕಾಲರೇಖೆಗೆ: ಆಗಸ್ಟ್ 6ರಿಂದ 12ರ ವಾರ

ಅಭ್ಯಾಸ ಬೋಧನೆಗೆಂದು ಹಿರೇಕೆರೂರು ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ, ಆಗಸ್ಟ್ ತಿಂಗಳ ಒಂದು ವಾರ ಪ್ರಾರ್ಥನಾ ಸಭೆಯ ‘ದಿನ ವಿಶೇಷ’ ನನ್ನ ಪಾಲಿಗೆ ಬಂದಿತ್ತು. ದಿನಕ್ಕೊಂದೆರಡು ಘಟನೆಗಳನ್ನು ಓದಿ, ಅವುಗಳನ್ನೇ ತರಗತಿಯ ಕಪ್ಪುಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದೆ. ವಾರದ ಕೊನೆಗೆ ಒಂಬತ್ತನೇ ತರಗತಿಯಲ್ಲಿ, ಭಾರತ ಬಿಟ್ಟು ತೊಲಗಿ ಚಳವಳಿ ಏಕೆ ಆರಂಭವಾಯಿತು ಎಂದು ಕೇಳಿದೆ. ಹುಡುಗಿಯೊಬ್ಬಳು ಎದ್ದು ಹೇಳಿದಳು: “ಸರ್, ಆರನೇ ತಾರೀಖಿಗೆ ಹಿರೋಶಿಮಾದಾಗ ಬಾಂಬ್ ಹಾಕಿದ್ರು. ಅದಕ್ಕ ಎಂಟನೇ ತಾರೀಖಿಗೆ ಗಾಂಧೀಜಿ ಬ್ರಿಟಿಷರಿಗೆ ಹೋಗ್ರಿ ಅಂದ್ರು.”

ಹಲವರು ತಲೆಯಾಡಿಸಿದರು. ತಪ್ಪು ಅವಳದಲ್ಲ, ನನ್ನದು. ವಾರದುದ್ದಕ್ಕೂ ತಾರೀಖಿನ ಅನುಕ್ರಮದಲ್ಲಿ ಹೇಳಿ, ಇಸವಿಯನ್ನು ಬಾಲದಂತೆ ಸೇರಿಸಿದ್ದೆ. ಮಗು ಕೇಳಿದ ಅನುಕ್ರಮವನ್ನೇ ಇತಿಹಾಸದ ಅನುಕ್ರಮವೆಂದು ತಿಳಿದಿತ್ತು.

ವಾರದ ಕ್ರಮ, ಕಾಲದ ಕ್ರಮ

ನಾನು ಬರೆದಿದ್ದ ಪಟ್ಟಿ ಹೀಗಿತ್ತು. ಆಗಸ್ಟ್ 6: ಹಿರೋಶಿಮಾ, 1945. ಆಗಸ್ಟ್ 7: ಕಲ್ಕತ್ತೆಯ ಪುರಭವನದಲ್ಲಿ ವಿದೇಶಿ ವಸ್ತು ಬಹಿಷ್ಕಾರದ ನಿರ್ಣಯ, 1905. (ಇದರ ನೆನಪಿಗೆ 2015ರಿಂದ ಆ ದಿನ ರಾಷ್ಟ್ರೀಯ ಕೈಮಗ್ಗ ದಿನ.) ಆಗಸ್ಟ್ 8: ಮುಂಬೈಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕಾಂಗ್ರೆಸ್ಸಿನ ಭಾರತ ಬಿಟ್ಟು ತೊಲಗಿ ನಿರ್ಣಯ, 1942. ಆಗಸ್ಟ್ 9: ಸವಣೂರಿನಲ್ಲಿ ವಿ.ಕೃ. ಗೋಕಾಕರ ಜನನ, 1909, ಕಾಕೋರಿ ರೈಲು ಪ್ರಕರಣ, 1925, ನಾಗಸಾಕಿ, 1945. ಆಗಸ್ಟ್ 11: ಖುದಿರಾಮ್ ಬೋಸ್‌ಗೆ ಗಲ್ಲು, 1908. ಆಗಸ್ಟ್ 12: ವಿಕ್ರಮ್ ಸಾರಾಭಾಯಿ ಜನನ, 1919.

ಇಸವಿಯಂತೆ ಜೋಡಿಸಿದರೆ ಮೊದಲ ದಿನದ ಹಿರೋಶಿಮಾ ಹೆಚ್ಚುಕಡಿಮೆ ಕೊನೆಗೆ ಹೋಗುತ್ತದೆ. ಹನ್ನೊಂದನೇ ತಾರೀಖಿನ ಖುದಿರಾಮ್ ಎರಡನೆಯ ಸ್ಥಾನಕ್ಕೆ ಬರುತ್ತಾರೆ. ಮಾರ್ಗದರ್ಶಕರ ಸಲಹೆಯಂತೆ ಮುಂದಿನ ಎರಡು ಅವಧಿಗಳನ್ನು ಇದಕ್ಕೇ ಮೀಸಲಿಟ್ಟೆ.

ಅಳತೆಗೋಲಾಗಿ ಗೋಕಾಕರು

ಮಕ್ಕಳಿಗೆ 1905 ಮತ್ತು 1945ರ ನಡುವಿನ ದೂರ ಬರಿಯ ಅಂಕಿಯಿಂದ ತಿಳಿಯುವುದಿಲ್ಲ. ನಮ್ಮ ಜಿಲ್ಲೆಯದೇ ಊರಿನಲ್ಲಿ ಹುಟ್ಟಿದವರ ವಯಸ್ಸಿನಿಂದ ತಿಳಿಯುತ್ತದೆ. ಪ್ರತಿ ಘಟನೆಯ ದಿನ ಗೋಕಾಕರಿಗೆ ಎಷ್ಟು ವಯಸ್ಸು ಎಂದು ಲೆಕ್ಕ ಹಾಕಿಸಿದೆ. ಬಹಿಷ್ಕಾರದ ನಿರ್ಣಯವಾದಾಗ ಅವರು ಹುಟ್ಟಿರಲೇ ಇಲ್ಲ. ಕಾಕೋರಿಯ ದಿನ ಅವರಿಗೆ 16 ತುಂಬಿತು. ಮುಂಬೈ ನಿರ್ಣಯದ ದಿನ 32. ಮರುದಿನ ನಾಯಕರ ಬಂಧನವಾದಾಗ 33. ಹಿರೋಶಿಮಾದ ದಿನ 35, ನಾಗಸಾಕಿಯ ದಿನ 36. “ಹಂಗಾದ್ರ ಬಾಂಬ್ ಮೂರು ವರ್ಷ ಆದಮ್ಯಾಲೆ ಬಿತ್ತಲ್ರಿ” ಎಂದು ಮೊದಲು ತಿದ್ದಿದವಳು ಅದೇ ಹುಡುಗಿ. 1939ರಲ್ಲಿ ಭಾರತೀಯರನ್ನು ಕೇಳದೆ ದೇಶವನ್ನು ಯುದ್ಧಕ್ಕೆ ಎಳೆದದ್ದು, 1942ರಲ್ಲಿ ಕ್ರಿಪ್ಸ್ ಆಯೋಗ ವಿಫಲವಾದದ್ದು, ಈ ಕಾರಣಗಳಿಗೆ ಆಗ ಜಾಗ ಸಿಕ್ಕಿತು.

ನಂಟು ಮೂರು ಬಗೆ

ನಂತರ ಘಟನೆಗಳ ನಡುವೆ ಗೆರೆ ಎಳೆಯಲು ಹೇಳಿದೆ. ನೇರ ಸಂಬಂಧಕ್ಕೆ ದಪ್ಪ ಗೆರೆ: 8ರ ನಿರ್ಣಯದಿಂದಲೇ 9ರ ಬೆಳಗಿನ ಬಂಧನಗಳು, ಹಿರೋಶಿಮಾ, ನಾಗಸಾಕಿಗಳು ಒಂದೇ ಯುದ್ಧದ ಮೂರು ದಿನಗಳ ಅಂತರದ ದಾಳಿಗಳು. ಒಂದೇ ಹರಿವಿಗೆ ಚುಕ್ಕಿ ಗೆರೆ: 1905ರ ಬಂಗಾಳ ವಿಭಜನೆಯ ವಿರೋಧ ಮತ್ತು ಖುದಿರಾಮರ ಕ್ರಾಂತಿಕಾರಿ ಹಾದಿ. ಬರೀ ಕಾಕತಾಳೀಯಕ್ಕೆ ಗೆರೆಯೇ ಇಲ್ಲ: ಗೋಕಾಕರ ಹುಟ್ಟುಹಬ್ಬ, ಕಾಕೋರಿ, ನಾಗಸಾಕಿ ಮೂರೂ ಒಂದೇ ತಾರೀಖು, ಅಷ್ಟೇ. ಗೆರೆ ಎಳೆಯದಿರಲು ಮಕ್ಕಳು ಬಹಳ ಚರ್ಚಿಸಿದರು. ಪಾಠದ ನಿಜವಾದ ಕಲಿಕೆ ಅಲ್ಲೇ ಆಯಿತೆಂದು ನನ್ನ ಅನಿಸಿಕೆ.

ಇನ್ನೊಂದು ಪ್ರಶ್ನೆ ಬಂತು: ನಾಯಕರೆಲ್ಲ ಸೆರೆಯಾದರೆ ಚಳವಳಿ ನಡೆಸಿದವರು ಯಾರು? ಆಗಸ್ಟ್ 9ರಂದು ಅದೇ ಮೈದಾನದಲ್ಲಿ ಅರುಣಾ ಅಸಫ್ ಅಲಿ ಧ್ವಜ ಹಾರಿಸಿದ್ದನ್ನು ಹೇಳಿದೆ. ಬಳಿಕ ವಾರದ ಚೌಕಟ್ಟು ಬಿಟ್ಟು ನಮ್ಮ ಕಡೆಗೆ ಬಂದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ನಡೆದವರು. ಅವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಗುಂಡಿಗೆ ಬಲಿಯಾದರು. ಮುಂಬೈಯ ನಿರ್ಣಯವಾಗಿ ಎಂಟು ತಿಂಗಳು ತುಂಬಿರಲಿಲ್ಲ. ಆ ಘಟನೆ ಆಗಸ್ಟ್ ವಾರದ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಆದರೆ ಆ ವಾರದಿಂದ ನಮ್ಮ ನೆಲಕ್ಕೆ ಬರುವ ದಪ್ಪ ಗೆರೆ ಅದೇ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ದಿನ ವಿಶೇಷವನ್ನು ಬಿಡಬೇಕಾಗಿಲ್ಲ. ಇಸವಿಯನ್ನು ಮೊದಲು ಹೇಳಿ, ತಾರೀಖನ್ನು ನಂತರ ಹೇಳಿ. ತರಗತಿಯ ಗೋಡೆಗೆ ಒಂದು ಉದ್ದನೆಯ ಕಾಲರೇಖೆ ಅಂಟಿಸಿ, ಅಂದಂದಿನ ಘಟನೆಯನ್ನು ಮಕ್ಕಳೇ ಅದರ ಜಾಗದಲ್ಲಿ ಬರೆಯಲಿ. ಎಲ್ಲವನ್ನೂ ತುಂಬುವ ಆಸೆ ಬೇಡ. ಸಾರಾಭಾಯಿಯವರನ್ನು ನಾನು ವಿಜ್ಞಾನ ಶಿಕ್ಷಕರಿಗೆ ಬಿಟ್ಟೆ. ವ್ಯವಕಲನದಲ್ಲಿ ಹಿಂದುಳಿದವರನ್ನು ಜೊತೆಗಾರರೊಂದಿಗೆ ಕೂರಿಸಿ. ಹಾಗೆ ಮಾಡದೆ ನನ್ನ ಮೊದಲ ಅವಧಿ ಅರ್ಧ ವ್ಯರ್ಥವಾಯಿತು. ಕೊನೆಯಲ್ಲಿ ‘ಯಾವಾಗ’ ಎಂದು ಕೇಳಿ ನಿಲ್ಲಿಸಬೇಡಿ. ‘ಇದರಿಂದ ಅದು ಆಯಿತೇ?’ ಎಂದು ಕೇಳಿ. ನನ್ನ ಪಾಠದ ತಪ್ಪು ನನಗೆ ಕಂಡದ್ದು ಆ ಬಗೆಯ ಪ್ರಶ್ನೆಗೆ ಬಂದ ಉತ್ತರದಿಂದಲೇ.